ಮೀನಖಂಡದ ಗಂಟು

ಹೊಳೆದಂಡೆಯ ಆ ಆಶ್ರಮದಲ್ಲಿ ಓಟವೂ ಒಂದು ಸಾಧನೆ. ಬೆಳಗಾಗುತ್ತಲೇ ಶಿಷ್ಯರು ಮರಳಿನ ಮೇಲೆ ಹಾಳು ಮಂಟಪದವರೆಗೆ ಓಡಿ ಹಿಂದಿರುಗಬೇಕು.

ಬಂದವರಿಗೆ ಅಂಗಳದಲ್ಲಿ ಬಾಳೆದಿಂಡಿನ ತುಂಡುಗಳು ಕಾದಿರುತ್ತಿದ್ದವು. ತಣ್ಣಗಿನವು, ಒತ್ತಿದರೆ ಒಂಚೂರು ತಗ್ಗುವಂಥವು. ಓಡಿ ಬಿಗಿದ ಕಾಲು ಸಡಿಲಾಗಲೆಂದು ನೆಲದಲ್ಲಿ ಕುಳಿತು, ಅವನ್ನು ಕಾಲಡಿಗಿಟ್ಟುಕೊಂಡು, ಮೈಭಾರ ಬಿಟ್ಟು, ತೊಡೆಯಿಂದ ಹಿಮ್ಮಡಿಯವರೆಗೆ ನಿಧಾನವಾಗಿ ಉರುಳಿಸಬೇಕು.

ಗುರು ನಿರಂಜನಯ್ಯ ಹೇಳಿಕೊಟ್ಟದ್ದು ಇಷ್ಟೇ: "ನೋಯುವಲ್ಲಿ ನಿಲ್ಲಿ. ಹತ್ತು ಉಸಿರು. ಆಮೇಲೆ ಮುಂದೆ."

ಸೋಮಲಿಂಗ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ. ದಿಂಡನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆಶ್ರಮಕ್ಕೆ ಬಂದ ಮೂರು ತಿಂಗಳಲ್ಲಿ ಅವನ ಮೀನಖಂಡಗಳು ಕಲ್ಲಾದವು. ಸುಮ್ಮನೆ ಕುಳಿತಾಗಲೂ ಚರ್ಮದಡಿ ಏನೋ ಮಿಸುಕುತ್ತಿತ್ತು. ಅವನು ಕುಳಿತರೂ ಕಾಲು ಓಡುತ್ತಲೇ ಇರುವಂತೆ.

ಒಂದು ಬೆಳಿಗ್ಗೆ, ದಟ್ಟ ಮಂಜಿನಲ್ಲಿ, ಎಲ್ಲರಿಗಿಂತ ಮೊದಲೇ ಒಬ್ಬನೇ ಹೊರಟವನು ಮಂಟಪದ ಬಳಿ ಕುಸಿದುಬಿದ್ದ. ಅವನು ಬಾರದಿದ್ದಾಗ ಗುರುಗಳೇ ಹುಡುಕಿಕೊಂಡು ಬಂದರು. ಅವನನ್ನು ಎಬ್ಬಿಸುವ ಮೊದಲು ಮರಳನ್ನು ನೋಡಿದರು.

"ನಿನ್ನ ಜೊತೆ ಯಾರು ಓಡಿದರು?"

"ಯಾರೂ ಇಲ್ಲ ಗುರುಗಳೇ."

ಅವನ ಹೆಜ್ಜೆಗಳ ಹಿಂದೆಯೇ ಇನ್ನೊಂದು ಸಾಲಿತ್ತು. ಬರಿಗಾಲು, ಚಿಕ್ಕದು. ಅವನ ಒಂದು ಹೆಜ್ಜೆಗೆ ಅದರದು ಎರಡು.

ಸೋಮಲಿಂಗ ಅತ್ತ ನೋಡಿ ಮುಖ ತಿರುಗಿಸಿದ.

"ದಿಂಡನ್ನು ಯಾಕೆ ಮುಟ್ಟುವುದಿಲ್ಲ?" ಗುರುಗಳು ಕೇಳಿದರು.

"ನಿಂತರೆ ಕೇಳಿಸುತ್ತದೆ."

"ಏನು?"

"ಹಿಂದೆ ಓಡಿ ಬರುವ ಸದ್ದು."

ಗುರುಗಳು ಅವನ ಪಕ್ಕದಲ್ಲೇ ಕುಳಿತರು. ಅವನು ಬಾಯಿ ಬಿಟ್ಟ.

ಅವನಿಗೊಬ್ಬಳು ತಂಗಿಯಿದ್ದಳು, ಪಾರವ್ವ. ಎಂಟು ವರ್ಷದವಳು. ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಇಬ್ಬರೂ ಹೊಳೆಯ ನಡುಗಡ್ಡೆಗೆ ಹೋಗಿದ್ದಾಗ ಮೇಲಿನಿಂದ ನೀರು ನುಗ್ಗಿತು. ಇಬ್ಬರೂ ಓಡಿದರು.

"'ಅಣ್ಣಾ, ನಿಲ್ಲೋ' ಅಂತ ಕೂಗುತ್ತಲೇ ಇದ್ದಳು. ನಾನು ನಿಲ್ಲಲಿಲ್ಲ. ದಡ ಹತ್ತಿ ತಿರುಗಿದೆ. ನೀರಷ್ಟೇ ಇತ್ತು."

ಗುರುಗಳು ಎದ್ದರು. ಅವನ ತೋಳು ಹಿಡಿದು ಆಶ್ರಮಕ್ಕೆ ಕರೆತಂದರು. ಹಿತ್ತಲಿಗೆ ಹೋಗಿ ಹೊಸ ದಿಂಡು ಕಡಿದು ತಂದರು.

"ಕಾಲು ಇಡು."

ಸೋಮಲಿಂಗ ಮೈಭಾರ ಬಿಟ್ಟು ಉರುಳಿಸಿದ. ಮೀನಖಂಡದ ನಡುವಿನ ಗಂಟಿಗೆ ದಿಂಡು ತಾಗಿದ್ದೇ ತಡ, ನೋವು ನೆತ್ತಿಗೇರಿತು. ಅವನು ಅದನ್ನು ದಾಟಿಸಿಬಿಡಲು ನೋಡಿದ.

"ನಿಲ್ಲು."

"ಬರುತ್ತಿದೆ ಗುರುಗಳೇ!"

"ಬರಲಿ. ಉಸಿರಾಡು."

ಮೂರನೆಯ ಉಸಿರಿಗೆ ಮರಳಿನ ಮೇಲೆ ಹೆಜ್ಜೆ ಕೇಳಿಸಿತು. ಐದನೆಯದಕ್ಕೆ ಬೇಲಿಯ ಹತ್ತಿರ. ಕಟ್ಟಿದ ಹಸು ಹಗ್ಗ ಜಗ್ಗಿ ಹಿಂದೆ ಸರಿಯಿತು. ಎಂಟನೆಯದಕ್ಕೆ ಸಗಣಿ ಸಾರಿಸಿದ ಅಂಗಳದಲ್ಲಿ, ಪಚಕ್ ಪಚಕ್ ಎಂದು, ಒದ್ದೆ ಕಾಲು.

ಸೋಮಲಿಂಗನಿಗೆ ಎದ್ದು ಓಡಬೇಕೆನಿಸಿತು. ಗುರುಗಳು ಅವನನ್ನು ಹಿಡಿದಿರಲಿಲ್ಲ. ಆದರೂ ಅವನು ಏಳಲಿಲ್ಲ.

ಒಂಬತ್ತು.

ಹೆಜ್ಜೆ ಅವನ ಪಕ್ಕದಲ್ಲಿ ನಿಂತಿತು. ಹಿಮ್ಮಡಿಯ ಮೇಲೆ ತಣ್ಣನೆಯ ಹನಿಯೊಂದು ಬಿತ್ತು. ಇನ್ನೊಂದು ಬಿತ್ತು.

ಹತ್ತು.

ಮೀನಖಂಡದೊಳಗೆ ಏನೋ ಮೆಲ್ಲಗೆ ಸಡಿಲಿತು. ಎಷ್ಟೋ ತಿಂಗಳುಗಳ ಮೇಲೆ ಅವನ ಕಾಲು ಸುಮ್ಮನಾಯಿತು.

ಈ ಸಲ ಅವನು ಕತ್ತು ತಿರುಗಿಸಿದ. ಅಲ್ಲಿ ಯಾರೂ ಕಾಣಲಿಲ್ಲ. ಒಣಗಿದ ನೆಲದ ಮೇಲೆ ಎರಡು ಪುಟ್ಟ ಒದ್ದೆ ಪಾದಗಳ ಗುರುತು, ಅವನ ಕಡೆಗೇ ಮುಖ ಮಾಡಿ.

"ನಿಂತಿದ್ದೀನಿ, ಪಾರೂ," ಎಂದ. ಗುರುತು ಅಳಿಸಲಿಲ್ಲ, ಕದಲಲೂ ಇಲ್ಲ.

"ಗುರುಗಳೇ, ಹೋಗುತ್ತಿಲ್ಲ. ನಾನೀಗ ಏನು ಮಾಡಲಿ?"

ನಿರಂಜನಯ್ಯ ದಿಂಡಿನ ಚಿಕ್ಕ ತುಂಡೊಂದನ್ನು ಕತ್ತರಿಸಿ ಅವನ ಪಕ್ಕದಲ್ಲಿ ಇಟ್ಟರು.

"ಸ್ವಲ್ಪ ಆಚೆ ಸರಿ. ಅವಳೂ ನಿನ್ನಷ್ಟೇ ಓಡಿದ್ದಾಳೆ."