ಪಟ್ಟಿಯ ಕೊನೆಯ ತೂತು

ಹೊಳೆದಂಡೆಯ ಆಶ್ರಮದಲ್ಲಿ ಸೋಮವಾರ ಬೆಳಿಗ್ಗೆ ಒಂದು ಗಂಭೀರ ಘಟನೆ ನಡೆಯಿತು. ತೋಂಟೇಶ ಎಂಬ ಶಿಷ್ಯ, ಗಿಟಾರಿನ ಪಟ್ಟಿಯನ್ನು ಒಂದು ತೂತಿನಷ್ಟು ಗಿಡ್ಡ ಮಾಡಿಕೊಳ್ಳಬಹುದೇ ಎಂದು ಗುರುಗಳನ್ನು ಕೇಳಿದ.

ಪ್ರಾರ್ಥನೆ ಇಪ್ಪತ್ತು ನಿಮಿಷ ತಡವಾಯಿತು. ಹಿರಿಯ ಶಿಷ್ಯ ಸಂಕಣ್ಣ ಹಾರ್ಮೋನಿಯಂ ಮುಚ್ಚಿಬಿಟ್ಟ. ಅಡುಗೆಮನೆಯಲ್ಲಿ ಸಾರು ಉಕ್ಕಿತು. ಅದಕ್ಕೂ ಇದೇ ಕಾರಣವೆಂದು ಆಮೇಲೆ ಹೇಳಲಾಯಿತು.

ಗಿಟಾರು ಎಂದರೆ ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರು. ಗುರುಗಳಾದ ಅಜ್ಜಾರು ಆಶ್ರಮ ಕಟ್ಟುವ ಮೊದಲು ಮದುವೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಅದನ್ನೇ ನುಡಿಸಿದ್ದರು. ಒಂದು ದಿನ ಅದನ್ನು ಬಿಟ್ಟುಬಿಟ್ಟರು. ಶಿಷ್ಯರು ಅದನ್ನು ತ್ಯಾಗವೆಂದರು.

ಅಜ್ಜಾರ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅದನ್ನು ವಿನಯವೆಂದರು. ಆಶ್ರಮದ ಹಿರಿಯರೆಲ್ಲ ಎಡಹೆಗಲು ಇಳಿಬಿಟ್ಟೇ ನಡೆಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಇಳಿದದ್ದು ಸಂಕಣ್ಣನದು.

ತೋಂಟೇಶನಿಗೆ ಹಾಡಲು ಬರುತ್ತಿರಲಿಲ್ಲ. ತಾಳ ಕೊಟ್ಟರೆ ಭಜನೆಗಿಂತ ಮುಂಚೆ ಓಡುತ್ತಿದ್ದ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಗಿಟಾರನ್ನು ಎರಡು ವರ್ಷದ ಹಿಂದೆ ಅಜ್ಜಾರು ಅವನ ಹೆಗಲಿಗೆ ಹಾಕಿದಾಗ, ಲೋಕದಲ್ಲಿ ತನಗೂ ಒಂದು ಜಾಗವಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತ್ತು.

ಅಜ್ಜಾರು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ತೋಂಟೇಶ ಅವರ ಎದೆಗೆ ಬರುತ್ತಿದ್ದ. ಚರ್ಮದ ಪಟ್ಟಿಗೆ ಮೂರು ತೂತು, ಮೂರೂ ತುದಿಯಲ್ಲೇ. ಅದರಲ್ಲೂ ಕೊನೆಯ ತೂತಿನಲ್ಲಿ ಬಕಲ್ ಸಿಕ್ಕಿತ್ತು. ಗಿಟಾರು ಅವನ ತೊಡೆಯ ಮೇಲೆ ತೂಗುತ್ತಿತ್ತು.

ಕೆಲವು ತಿಂಗಳಿಂದ ಅರ್ಧ ಗಂಟೆ ನುಡಿಸಿದರೆ ಎಡಗೈಯ ಎರಡು ಬೆರಳು ಜೋಮು ಹಿಡಿಯುತ್ತಿದ್ದವು. ಈಚೆಗೆ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ.

ಆದರೆ ಅಜ್ಜಾರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳಬೇಕು. ಆಶ್ರಮದ ಕಟ್ಟಳೆ ಅದು.

ಇನ್ನೊಂದು ಕಟ್ಟಳೆಯೂ ಇತ್ತು. ವರ್ಷಕ್ಕೊಮ್ಮೆ ಸ್ಮರಣೆಯ ಭಜನೆ, ಸೂರ್ಯ ಹುಟ್ಟಿದಾಗಿನಿಂದ ಮಧ್ಯಾಹ್ನದವರೆಗೆ, ನಿಂತುಕೊಂಡೇ. ನಡುವೆ ವಾದ್ಯ ಕೆಳಗಿಟ್ಟವನು ಮತ್ತೆ ಅದನ್ನು ಮುಟ್ಟುವಂತಿಲ್ಲ. ಹೋದ ವರ್ಷ ಈರಯ್ಯನೆಂಬ ಶಿಷ್ಯ ಸೀನುವುದಕ್ಕಾಗಿ ತಾಳ ಕೆಳಗಿಟ್ಟ. ಈಗ ದನ ನೋಡಿಕೊಳ್ಳುತ್ತಾನೆ.

ಈ ವರ್ಷದ ಸ್ಮರಣೆಗೆ ಹನ್ನೊಂದು ದಿನ ಉಳಿದಿತ್ತು.

ಅಜ್ಜಾರು ತೋಂಟೇಶನ ಮುಖ ನೋಡಿದರು. ಕೈ ನೋಡಿದರು.

"ಎಲ್ಲೆ ನೋಯ್ತೈತಿ?"

"ಮಣಿಕಟ್ಟು ರೀ. ಹೆಗಲು ರೀ."

"ಕುಂದ್ರು" ಎಂದರು ಅಜ್ಜಾರು. ಸ್ನಾನಕ್ಕೆ ಹೊಳೆಗೆ ಹೋದರು.

ತೋಂಟೇಶ ಗಿಟಾರನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿ ಕುಳಿತ.

ಸಂಕಣ್ಣನ ಹತ್ತಿರ ಅಜ್ಜಾರ ಮಾತುಗಳನ್ನು ಬರೆದಿಡುವ ಒಂದು ನೋಟುಬುಕ್ಕು ಇತ್ತು. ಅದನ್ನು ಬಿಚ್ಚಿ ಪಕ್ಕಕ್ಕೆ ಬಂದ.

"ಕುಂದ್ರು ಅಂದ್ರ ಏನಂತ ತಿಳದಿ, ತೋಂಟೇಶಾ?"

"ತಿಳೀಲಿಲ್ಲಣ್ಣಾ."

"ನಿನ್ನೊಳಗ ನಿಂತೈತಲ್ಲ ಒಂದು 'ನಾನು' ಅನ್ನೂದು, ಅದನ್ನ ಕುಂದರಸು ಅಂತ."

ತೋಂಟೇಶ ತನ್ನೊಳಗೆ ಹುಡುಕಿದ. ನಿಂತದ್ದು ಯಾವುದು, ಕುಳಿತದ್ದು ಯಾವುದು ಗೊತ್ತಾಗಲಿಲ್ಲ. ಕಾಲು ಮಾತ್ರ ಮರಗಟ್ಟಿತು.

ಮಧ್ಯಾಹ್ನ ಅಡುಗೆಯ ನೀಲವ್ವ ಬಂದಳು. ಕೈಯಲ್ಲಿ ಸವಟು.

"ಏಳೋ ತೋಂಟ್ಯಾ, ಊಟಕ್ಕ."

"ಅಜ್ಜಾರು ಕುಂದ್ರು ಅಂದಾರ ನೀಲವ್ವಾ. ಅದರ ಅರ್ಥ ಹುಡುಕಾಕ ಹತ್ತೀನಿ."

"ಕುಂದ್ರು ಅಂದ್ರ ಕುಂದ್ರು ಅಂತ ಅರ್ಥ. ಜುಣಕ ಆರತೈತಿ, ಏಳು."

ಮರುದಿನ ಅಜ್ಜಾರು ಕೇಳಿದರು.

"ಕುಂತಿದ್ದೇನು?"

"ಮಧ್ಯಾಹ್ನದ ತನಕ ಕುಂತಿದ್ದೆ ರೀ."

"ಏನ್ ಕಂಡ್ತು?"

"ಏನೂ ಕಾಣ್ಲಿಲ್ರಿ."

"ಗಿಟಾರ ಎಲ್ಲಿತ್ತು?"

"ಗ್ವಾಡಿಗೆ ಆನಿಸಿದ್ದೆ ರೀ."

ಅಜ್ಜಾರು ಹೊಳೆಯ ಕಡೆ ನೋಡಿದರು. ಆಚೆ ದಂಡೆಯಲ್ಲಿ ಒಂದು ಎಮ್ಮೆ ನೀರಿಗಿಳಿದು, ಮುಳುಗಿ, ಎದ್ದಿತು.

"ಎರಡೂ ಕೈ ತಗಿ" ಎಂದರು.

ಈ ಮಾತು ಸಂಕಣ್ಣನ ನೋಟುಬುಕ್ಕಿನಲ್ಲಿ ಎರಡು ಪುಟ ಹಿಡಿಯಿತು. ಒಂದು ಕೈ ಮಾಡುವುದು, ಇನ್ನೊಂದು ಕೈ ಬೇಡುವುದು. ಎರಡನ್ನೂ ತೆಗೆದವನಿಗೆ ನೋವಿಲ್ಲ.

ಬುಧವಾರ ತೋಂಟೇಶ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಿರುಗಿದ. ಕಸ ಗುಡಿಸಲಿಲ್ಲ. ನೀರು ಸೇದಲಿಲ್ಲ. ಗಿಟಾರು ಮುಟ್ಟಲಿಲ್ಲ. ಊಟದ ಪಂಕ್ತಿಯಲ್ಲಿ ತಟ್ಟೆ ನೋಡುತ್ತ ಕುಳಿತ.

"ಏನೋ ಇದು?" ಎಂದಳು ನೀಲವ್ವ.

"ಎರಡೂ ಕೈ ತಗದೀನಿ."

"ಮತ್ತ ನಾ ಉಣಸ್ಲಿ ಏನು, ಕೂಸಿಗೆ ಉಣಿಸಿದಂಗ?"

ಪಂಕ್ತಿ ನಕ್ಕಿತು. ತೋಂಟೇಶನ ಕಣ್ಣಲ್ಲಿ ನೀರು ಬಂತು. ನೀಲವ್ವನ ದನಿ ಇಳಿಯಿತು.

"ಯಪ್ಪಾ, ನಿನಗ ನೋಯೂದು ಯಾವಾಗ?"

"ಗಿಟಾರ ಹಾಕ್ಕೊಂಡಾಗ."

"ಕೇಳಿದ್ದು ಯಾವುದರ ಸಲುವಾಗಿ?"

"ಗಿಟಾರಿನ ಸಲುವಾಗಿ."

"ಹಂಗಾರ ಅಜ್ಜಾರು ಯಾವುದರಿಂದ ಕೈ ತಗಿ ಅಂದಾರು? ಜುಣಕದಿಂದೇನು?"

ಗುರುವಾರ ಬೆಳಿಗ್ಗೆ ಅವನು ಗಿಟಾರು ಹಾಕಿಕೊಂಡು ಅಜ್ಜಾರ ಮುಂದೆ ನಿಂತ. ಎರಡೂ ಕೈ ತೆಗೆದ.

ಪಟ್ಟಿ ಹೆಗಲ ಮೇಲೆ ಜಾರಿತು. ಗಿಟಾರಿನ ಉದ್ದ ಕತ್ತು ನೆಲದ ಕಡೆ ಬಾಗಿ, ಅಜ್ಜಾರ ತಾಮ್ರದ ತಂಬಿಗೆಗೆ ಬಡಿಯಿತು. ತಂಬಿಗೆ ಉರುಳಿಕೊಂಡು ಮೆಟ್ಟಿಲಿಳಿಯಿತು.

"ಬಿತ್ರಿ" ಎಂದ ತೋಂಟೇಶ.

"ದಿನಾ ಯಾಕ ಬೀಳೂದಿಲ್ಲ?"

"ಎಡಗೈಲೆ ಹಿಡದಿರತೇನ್ರಿ."

"ಎಡಗೈ ಯಾವ ಕೆಲಸಕ್ಕ ಐತಿ?"

"ಸ್ವರ ಒತ್ತಾಕ ರೀ."

"ಹೊರಾಕ?"

ತೋಂಟೇಶ ಜಾರಿದ ಪಟ್ಟಿಯನ್ನು ಮೇಲೆಳೆದುಕೊಂಡ.

"ಹೆಗಲು ರೀ."

"ಹೆಗಲು ಏನ್ ಮಾಡಾಕ ಹತ್ತೈತಿ?"

"ಜಾರಸಾಕ ಹತ್ತೈತ್ರಿ."

"ನೀಲವ್ವನ ಹಂತೇಕ ಹೋಗು" ಎಂದರು ಅಜ್ಜಾರು. ತಂಬಿಗೆ ತರಲು ತಾವೇ ಮೆಟ್ಟಿಲಿಳಿದರು.

ನೀಲವ್ವ ಹೊಳೆಯಿಂದ ಬರುತ್ತಿದ್ದಳು. ತಲೆಯ ಮೇಲೆ ಕೊಡ, ಕೊಡದ ಮೇಲೆ ಚರಿಗೆ. ಎರಡೂ ಕೈ ಬೀಸಿಕೊಂಡು, ಯಾರ ಎಮ್ಮೆ ಯಾರ ಬೆಳೆ ಮೇಯ್ದಿತೆಂದು ಜೊತೆಯವಳಿಗೆ ವರದಿ ಒಪ್ಪಿಸುತ್ತಿದ್ದಳು.

"ಹೆಂಗ ನಿಂದ್ರತೈತಿ ಅದು? ನನ್ನ ಪಟ್ಟಿ ಜಾರತೈತಿ" ಎಂದ ತೋಂಟೇಶ.

"ಸಿಂಬಿ ಮ್ಯಾಲ ನಿಂದ್ರತೈತಿ." ಕೊಡ ಇಳಿಸಿ, ತಲೆಯ ಮೇಲಿದ್ದ ಬಟ್ಟೆಯ ಸುರುಳಿ ತೋರಿಸಿದಳು. "ರೇಷ್ಮಿದು ಮಾಡಿದ್ರ ಜಾರತೈತಿ. ಹಳೇ ಬಟ್ಟಿ ಬೇಕು, ಒರಟಂದು. ತಾ ಇಲ್ಲೆ ನಿನ್ನ ಪಟ್ಟಿ."

ಇಪ್ಪತ್ತೆರಡು ವರ್ಷದ ಬೆವರಿನಲ್ಲಿ ಪಟ್ಟಿಯ ಒಳಮೈ ಕನ್ನಡಿಯ ಹಾಗೆ ನುಣುಪಾಗಿತ್ತು. ನೀಲವ್ವ ಹಳೆಯ ಕಂಬಳಿಯಿಂದ ಅಂಗೈ ಅಗಲದ ತುಂಡು ಹರಿದು ಅದಕ್ಕೆ ಹೊಲಿದಳು. ಕೊಟ್ಟದ್ದನ್ನು ಬದಲಿಸಿದಂತಾಗುವುದಿಲ್ಲವೇ ಎಂದು ಸಂಕಣ್ಣ ಬಾಗಿಲಲ್ಲಿ ನಿಂತು ಕೇಳಿದ.

"ಸಂಕಣ್ಣಾ, ಆ ಸೂಜಿಡಬ್ಬಿ ಕೊಡು" ಎಂದಳು ನೀಲವ್ವ. ಸಂಕಣ್ಣ ಕೊಟ್ಟ.

ಪಟ್ಟಿ ಹೆಗಲು ಕಚ್ಚಿ ಹಿಡಿಯಿತು. ಕೈ ಬಿಟ್ಟರೂ ಗಿಟಾರಿನ ಕತ್ತು ಮೊದಲಿನಷ್ಟು ಬಾಗಲಿಲ್ಲ. ತೋಂಟೇಶ ಮೂರು ದಿನ ಖುಷಿಯಾಗಿದ್ದ. ನಾಲ್ಕನೆಯ ದಿನ ಒಂದು ಗಂಟೆ ನಿಂತು ನುಡಿಸಿದ. ಬೆರಳು ಜೋಮು ಹಿಡಿದವು.

ಸ್ಮರಣೆಗೆ ನಾಲ್ಕು ದಿನ ಉಳಿದಿತ್ತು.

ಅಜ್ಜಾರ ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಇನ್ನೂ ಒಂದು ಮಾತು ಹೇಳಿದರೆ ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದುಕೊಂಡ. ಹೊಳೆಯ ಮೆಟ್ಟಿಲಿಗೆ ಬಂದ. ಸುಸ್ತಾಗಿತ್ತು, ಗಿಟಾರು ತೆಗೆಯದೆ ಹಾಗೆಯೇ ಕುಳಿತುಬಿಟ್ಟ.

ಗಿಟಾರು ತೊಡೆಯ ಮೇಲೆ ಕುಳಿತು ಹೊಟ್ಟೆಗೆ ಆನಿತು. ಪಟ್ಟಿ ಬೆನ್ನ ಹಿಂದೆ ಸಡಿಲಾಗಿ ಜೋತಾಡಿತು. ಸುಮ್ಮನೆ ಒಂದು ಭಜನೆ ನುಡಿಸಿದ. ಎರಡಾಯಿತು. ಐದಾಯಿತು. ಮಣಿಕಟ್ಟು ನೆಟ್ಟಗಿತ್ತು. ಬೆರಳುಗಳು ಬೆರಳುಗಳ ಹಾಗೆಯೇ ಇದ್ದವು.

ಎದ್ದು ನಿಂತ. ಗಿಟಾರು ಒಂದು ಗೇಣು ಕೆಳಗೆ ಹೋಯಿತು. ಮಣಿಕಟ್ಟು ಮುರಿದ ಹಾಗೆ ಮಡಚಿಕೊಂಡಿತು.

ಕುಳಿತ. ಸರಿ ಇತ್ತು. ನಿಂತ. ಸರಿ ಇರಲಿಲ್ಲ. ಹೀಗೆ ಒಂಬತ್ತು ಸಲ ಎದ್ದು ಕುಳಿತ. ಬಟ್ಟೆ ಒಗೆಯುತ್ತಿದ್ದವರು ಇದು ಹೊಸ ಸಾಧನೆಯೆಂದು ತಿಳಿದು ಕೈಮುಗಿದರು.

ಅವನು ಅಜ್ಜಾರ ಹತ್ತಿರ ಓಡಿದ.

"ಅಜ್ಜಾರ, ಕುಂತ್ರ ಬರತೈತ್ರಿ. ನಿಂತ್ರ ಹೋಗತೈತ್ರಿ!"

"ನಡುವ ಏನಾತು?"

"ನಾ ಎದ್ದೆ ರೀ."

"ಮತ್ತ?"

"ಗಿಟಾರ ಏಳ್ಲಿಲ್ರಿ."

ಎಂಟು ದಿನದಲ್ಲಿ ಮೊದಲ ಸಲ ಅಜ್ಜಾರು ನಕ್ಕರು.

"ಹೋದ ಸೋಮವಾರ ಇದನ್ನ ಹೇಳಿದ್ದೆ" ಎಂದರು. "ಕುಂದ್ರು."

ಈ ಸಲ ಅವನು ಗಿಟಾರಿನ ಸಮೇತ ಕುಳಿತ. ಅಜ್ಜಾರು ಅವನ ಬೆನ್ನ ಹಿಂದೆ ಬಂದು, ಜೋತಾಡುತ್ತಿದ್ದ ಪಟ್ಟಿಯನ್ನು ಬಿಗಿಯಾಗುವವರೆಗೆ ಎಳೆದರು. ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಚರ್ಮದ ಮೇಲೆ ಒಂದು ಗುರುತು ಮಾಡಿದರು.

ಪಕ್ಕದಲ್ಲೇ ಇದ್ದ ಸಂಕಣ್ಣ ಕೈಮುಗಿದ.

"ಸೀಮೆಸುಣ್ಣ ಸಿಗ್ಲಿಲ್ಲ" ಎಂದರು ಅಜ್ಜಾರು. "ನೀಲವ್ವಾ, ದಬ್ಬಣ ತಾ."

ಗುರುತು ಬಿದ್ದದ್ದು ಹಳೆಯ ತೂತುಗಳಿಂದ ಒಂದು ಗೇಣು ಮೇಲೆ. ಅಲ್ಲಿ ಚರ್ಮ ಇನ್ನೂ ಇಡಿಯಾಗಿತ್ತು. ಸಂಕಣ್ಣನ ಮುಖ ಬಿಳಿಚಿತು.

"ಅಜ್ಜಾರ! ಕೊನೀ ತೂತು ನೀವು ಹಾಕ್ಕೊಂಡಿದ್ದು ರೀ. ಇಪ್ಪತ್ತು ವರ್ಷದ ಸಾಧನಾ ಐತ್ರಿ ಅದರಾಗ!"

"ಅಷ್ಟು ಕೆಳಗ ನಾ ಯಾಕ ಹಾಕ್ತಿದ್ದೆ, ಗೊತ್ತೇನು ಸಂಕಣ್ಣಾ?"

ಸಂಕಣ್ಣ ನೋಟುಬುಕ್ಕು ತಿರುವಿದ. "ಭೂಮಿತಾಯಿಗೆ ಹತ್ತರ ಇರ್ಲಿ ಅಂತ್ರಿ."

"ಮಂದಿ ನೋಡ್ಲಿ ಅಂತ."

"ಯಾವ ಮಂದಿ ರೀ?"

"ಮದುವಿ ಮಂದಿ. ಮುಂದಿನ ಸಾಲಿನ್ಯಾಗ ಹುಡುಗ್ಯಾರು ಕುಂದರತಿದ್ರು. ಕೆಳಗ ಹಾಕ್ಕೊಂಡು ನಿಂತ್ರ ಚಂದ ಕಾಣತಿದ್ದೆ."

ನೀಲವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

"ಮತ್ತ ನಿಮ್ಮ ತ್ಯಾಗ ರೀ..." ಎಂದ ಸಂಕಣ್ಣ.

ಅಜ್ಜಾರು ಎಡಗೈ ಮುಂದೆ ಚಾಚಿದರು. ಮುಷ್ಟಿ ಕಟ್ಟಲು ನೋಡಿದರು. ಎರಡು ಬೆರಳು ಮಡಚಿಕೊಳ್ಳಲೇ ಇಲ್ಲ.

"ಡಾಕ್ಟರು ಬಿಡು ಅಂದ್ರು" ಎಂದರು. "ಹೆಗಲೂ ಅವಾಗ ಬಿದ್ದದ್ದು."

ತೋಂಟೇಶ ಆ ಎರಡು ಬೆರಳು ನೋಡಿದ. ತನ್ನವೂ ಅವೇ ಎರಡು.

"ನನಗ ಮೊದಲ ಯಾಕ ಹೇಳ್ಲಿಲ್ರಿ, ಅಜ್ಜಾರ?"

ಅಜ್ಜಾರು ದಬ್ಬಣದ ಮೊನೆಯನ್ನು ವಿಭೂತಿಯ ಗುರುತಿಗೆ ಇಟ್ಟರು.

"ನಿನಗ ಪಟ್ಟಿ ಕೊಟ್ಟಿದ್ದೆ, ತಮ್ಮಾ. ಅಳತಿ ನೀನ ತಗೊಂಡಿ. ಎರಡು ವರ್ಷ ನಾನೂ ತಿರುಗಿ ನೋಡ್ಲಿಲ್ಲ. ತಪ್ಪು ಇಬ್ಬರದೂ ಐತಿ. ಗಟ್ಟಿ ಹಿಡಿ."

ತೋಂಟೇಶ ಹಿಡಿದ. ದಬ್ಬಣ ಪಾರಾಯಿತು.

ಸಂಕಣ್ಣನ ಎಡಹೆಗಲು ನಿಧಾನವಾಗಿ ಎರಡು ಬೆರಳು ಮೇಲೆ ಬಂತು. ಊಟದ ಹೊತ್ತಿಗೆ ಮತ್ತೆ ಇಳಿಯಿತು.

ಸ್ಮರಣೆಯ ದಿನ ಶುಕ್ರವಾರ. ತೋಂಟೇಶ ಸೂರ್ಯನ ಜೊತೆ ಎದ್ದು ನಿಂತ. ಗಿಟಾರೂ ಎದ್ದು ನಿಂತಿತು. ಹೊಟ್ಟೆಗೆ ಆನಿ, ಕತ್ತು ತುಸು ಮೇಲಕ್ಕಿಟ್ಟುಕೊಂಡು, ಕುಳಿತಾಗ ಎಲ್ಲಿತ್ತೋ ಅಲ್ಲೇ.

ಒಂಬತ್ತು ಗಂಟೆಗೆ ಅವನು ಬೆರಳು ನೋಡಿಕೊಂಡ. ಹತ್ತಕ್ಕೆ ನೋಡಿಕೊಂಡ. ಹನ್ನೊಂದಕ್ಕೆ ನೋಡಿಕೊಳ್ಳುವುದು ಮರೆತ.

ಭಜನೆ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಗಿಟಾರು ಒಮ್ಮೆಯೂ ಕೆಳಗಿಳಿಯಲಿಲ್ಲ. ಪಂಕ್ತಿಯಲ್ಲಿ ತೋಂಟೇಶ ಎಡಗೈಯಿಂದ ರೊಟ್ಟಿ ಹಿಡಿದು, ಬಲಗೈಯಿಂದ ಮುರಿದು, ಐದು ರೊಟ್ಟಿ ತಿಂದ. ನೀಲವ್ವ ಆರನೆಯದನ್ನು ಕೇಳದೆಯೇ ಹಾಕಿದಳು.

ಶನಿವಾರ ಬೆಳಿಗ್ಗೆ ಅಜ್ಜಾರ ಕೋಣೆಯ ಮುಂದೆ ಆರು ಜನ ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಸೊಂಟದ ಬೆಲ್ಟು, ಒಬ್ಬನ ಕೈಯಲ್ಲಿ ಚಪ್ಪಲಿ, ಇಬ್ಬರ ಕೈಯಲ್ಲಿ ಜೋಳಿಗೆ. ಈರಯ್ಯ ಎತ್ತಿನ ಕೊರಳಪಟ್ಟಿ ತಂದಿದ್ದ. ಎಲ್ಲಕ್ಕೂ ತುದಿಯಿಂದ ಒಂದು ಗೇಣು ಮೇಲೆ ವಿಭೂತಿಯ ಗುರುತಿತ್ತು. ಸಾಲಿನ ಮೊದಲಿಗೆ ನೋಟುಬುಕ್ಕು ಹಿಡಿದು ಸಂಕಣ್ಣ.

"ನಮಗೂ ಒಂದೊಂದು ತೂತು ಕರುಣಿಸ್ರಿ, ಅಜ್ಜಾರ" ಎಂದ.

ಮೆಟ್ಟಿಲ ಮೇಲೆ ತೋಂಟೇಶ ತಂತಿಗಳ ಶ್ರುತಿ ಸರಿಮಾಡುತ್ತಿದ್ದ. ತಲೆ ಎತ್ತಲಿಲ್ಲ.

ಅಜ್ಜಾರು ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ನೀಲವ್ವಾ, ಆ ದಬ್ಬಣ ಹೊಳಿಗೆ ಒಗಿ."