ಬೋರಜ್ಜನ ಸವೆದ ಲಾಳ

ಕೇಳಿ ಮಕ್ಕಳೇ, ಈ ಕತೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ಹೇಳಿಯೇಬಿಡುತ್ತೇನೆ.

ಬೋಳುಗುಡ್ಡದ ಕೆಳಗಿನ ಕಾಡಿನಲ್ಲಿ ಒಂದು ಹಳೇ ಲಾಯವಿತ್ತು. ಅದೇ ಆ ಕಾಡಿನ ಮ್ಯೂಸಿಯಂ. ಗಿಡ್ಡಗೊರಸು ಎಂಬ ಕುದುರೆ ತಳಿಯ ನೆನಪಿಗೆಂದು ಮಾಡಿದ್ದು. ಆ ಕುದುರೆಗಳು ಕುಳ್ಳಗಿದ್ದರೂ ಬಲು ಗಟ್ಟಿ. ಗುಡ್ಡದಾಚೆಯಿಂದ ಇಡೀ ಕಾಡಿಗೆ ಉಪ್ಪು ಹೊತ್ತು ತರುತ್ತಿದ್ದುದು ಅವೇ. ಗೋಡೆಯ ಮೇಲೆ ಅವುಗಳ ಜೀನು, ಲಗಾಮು, ಕೊರಳ ಗೆಜ್ಜೆ, ನಟ್ಟನಡುವೆ ಬೋರಜ್ಜ ಎಂಬ ಕುದುರೆಯ ಸವೆದ ಲಾಳ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ನಿಂಗತ್ತೆ ಎಂಬ ಮುದಿ ಹೇಸರಗತ್ತೆ.

ಆ ತಳಿಯಲ್ಲಿ ಉಳಿದಿದ್ದವನು ಬೋರಜ್ಜನ ಮೊಮ್ಮಗ ಕೆಂಚರಾಯ ಒಬ್ಬನೇ. ಅವನು ದಿನಾ ಅಲ್ಲಿಗೆ ಹಾಜರ್. ನೋಡಲು ಬಂದ ಮೊಲ, ಜಿಂಕೆಗಳನ್ನು ಲಾಳದ ಮುಂದೆ ಸಾಲಾಗಿ ನಿಲ್ಲಿಸಿ, "ಇದು ನಮ್ಮಜ್ಜಂದು! ಬಗ್ಗಿ, ಇನ್ನೂ ಬಗ್ಗಿ!" ಎನ್ನುತ್ತಿದ್ದ. ಬೇರೆ ಕೆಲಸವೇ ಇಲ್ಲ!

"ಅತ್ತೆ, ಅಜ್ಜನ ಪಕ್ಕ ನನಗೂ ಒಂದು ಮೊಳೆ ಹೊಡೆಸು" ಎಂದ ಒಂದು ದಿನ.

"ಹೊಡೆಸೋಣ. ಅದಕ್ಕೆ ಏನು ನೇತು ಹಾಕಲಿ, ನಿನ್ನ ಬಾಯನ್ನಾ?" ನಿಂಗತ್ತೆ ರೇಗಿದಳು. "ಇಷ್ಟು ವರ್ಷ ನಾನೇ ಉಪ್ಪು ಹೊತ್ತೆ. ಈಗ ಮಂಡಿ ಹೋಯಿತು. ಮಳೆಗೆ ಮುಂಚೆ ಉಪ್ಪು ಬರದಿದ್ದರೆ ಮರಿ ಹಾಕಿದ ಜಿಂಕೆಗಳು ಸೊರಗುತ್ತವೆ. ಬಾರೋ, ಬಂಡೆ ಮೇಲೆ ಕಾಲಿಡುವುದನ್ನು ಕಲಿಸುತ್ತೇನೆ."

"ಕಲಿಯೋದೇನು ಬಂತು? ಅದು ನಮ್ಮ ರಕ್ತದಲ್ಲೇ ಇದೆ!"

ಎಷ್ಟು ಸಲ ಕರೆದರೂ ಇದೇ ಮಾತು. ಹೇಳಿ ಹೇಳಿ ಅವಳ ಬಾಯಿ ಒಣಗಿತು.

ಕೊನೆಗೆ ಮೋಡ ಕಟ್ಟಿತು. ಕಾಡಿಗೆ ಕಾಡೇ ಕೆಂಚರಾಯನ ಮುಖ ನೋಡಿತು. ಅವನಿಗೋ ಒಳಗೊಳಗೇ ಪುಕ್ಕಲು, ಒಪ್ಪಿಕೊಳ್ಳಲು ಜಂಬ ಬಿಡದು. ಏನು ಮಾಡಿದ ಗೊತ್ತೇ? ಗೋಡೆಯ ಮೇಲಿನ ಲಾಳವನ್ನು ಕದ್ದು, ಲಾಳ ಕಟ್ಟುವ ಮುಸುವ ಕೋತಿಯ ಬಳಿಗೆ ಓಡಿದ.

"ಇದನ್ನು ನನ್ನ ಕಾಲಿಗೆ ಬಡಿ. ಅಜ್ಜನ ನಡಿಗೆ ಬಂದುಬಿಡುತ್ತದೆ."

"ಅಯ್ಯೋ ಮಾರಾಯ, ಸವೆದು ನುಣ್ಣಗಾಗಿದೆಯಲ್ಲೋ. ಜಾರುತ್ತದೆ!"

"ಬೋರಜ್ಜನ ಲಾಳ ಜಾರುತ್ತಾ? ಬಡಿ ಅಂದ್ರೆ ಬಡಿ!"

ಇಂಥವರಿಗೆ ಏನು ಹೇಳೋಣ!

ಲಾಳ ಬಡಿಸಿಕೊಂಡು, ಖಾಲಿ ಬೆನ್ನಿನಲ್ಲಿ ಹೇಗೋ ತೆವಳಿಕೊಂಡು ಗುಡ್ಡ ದಾಟಿದ. ಆಚೆಯವರು ಉಪ್ಪಿನ ಮೂಟೆ ಹೇರಿ ಕಳಿಸಿದರು. ಇಳಿಯುವಾಗ ಹಳ್ಳದ ಮೇಲಿನ ಬಂಡೆ ಸಿಕ್ಕಿತು. ಕೆಳಗೆ ಎಲ್ಲರೂ ಕಾಯುತ್ತಿದ್ದರು.

"ನೆಲ ನೋಡೋ!" ನಿಂಗತ್ತೆ ಕೂಗಿದಳು.

"ನೀವೆಲ್ಲ ನನ್ನನ್ನು ನೋಡಿ!" ಎಂದು ಅವನು ಕತ್ತು ಎತ್ತಿದ.

ಸರ್ರನೆ ಜಾರಿದ! ಮೂಟೆ ಸಮೇತ ಹಳ್ಳಕ್ಕೆ ಬಿದ್ದ. ಅವನನ್ನು ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಉಪ್ಪೆಲ್ಲ ಕರಗಿತ್ತು. ಮಳೆಯೂ ಶುರುವಾಯಿತು. ಇನ್ನು ಮುಂದಿನ ಬೇಸಿಗೆಯವರೆಗೆ ಗುಡ್ಡ ಹತ್ತುವಂತಿಲ್ಲ.

ಬಾಣಂತಿ ಜಿಂಕೆಯೊಂದು ಬಂದು ಆ ಒದ್ದೆ ಉಪ್ಪಿನ ಚೀಲವನ್ನು ನೆಕ್ಕತೊಡಗಿತು. ಕೆಂಚರಾಯನಿಗೆ ಅದನ್ನು ನೋಡಲಾಗಲಿಲ್ಲ. ಅವನು ಅತ್ತುಬಿಟ್ಟ.

ನಿಂಗತ್ತೆ ಅವನ ಕಾಲಿನ ಲಾಳವನ್ನು ಬಿಚ್ಚಿಸಿ ಮೊದಲಿನ ಜಾಗದಲ್ಲೇ ತೂಗುಹಾಕಿದಳು. ಪಕ್ಕದಲ್ಲಿ ಹೊಸ ಮೊಳೆ ಹೊಡೆಸಿ, ಆ ಖಾಲಿ ಚೀಲವನ್ನು ನೇತು ಹಾಕಿದಳು.

"ಇದು ಯಾರದು?" ಎಂದು ನೋಡಲು ಬಂದವರು ಕೇಳುತ್ತಾರೆ.

ಬಂಡೆ ಹತ್ತಿ ಇಳಿದು ಕಲಿಯುತ್ತಿರುವ ಕೆಂಚರಾಯ ಹೊರಗಿನಿಂದಲೇ ಹೇಳುತ್ತಾನೆ: "ನನ್ನದು."

ನೀತಿ: ಹಿರಿಯರ ಹೆಸರು ಹೇಳಿಕೊಂಡರೆ ಸಾಲದು, ಅವರು ಮಾಡಿದ ಕೆಲಸವನ್ನು ನಾವೂ ಕಲಿಯಬೇಕು.