ಕಲ್ಲಿದ್ದಲು ಕೈಗೆ ಮಸಿ ಹಚ್ಚುವುದು ಯಾಕೆ?

ಬೆಟ್ಟಗಳು ಇನ್ನೂ ಹಸಿ ಮಣ್ಣಿನ ವಾಸನೆ ಬೀರುತ್ತಿದ್ದ ಕಾಲ ಅದು. ಮರಗಳು ದಿನವೂ ಬಿಸಿಲು ಕುಡಿದು ಬೆಳೆಯುತ್ತಿದ್ದವು. ಮುದಿ ಮರ ಬಿದ್ದರೆ ಭೂಮಿತಾಯಿ ಅದರ ಮೇಲೆ ಮಣ್ಣು ಎಳೆಯುತ್ತಿದ್ದಳು. ಬೆಳಿಗ್ಗೆಗೆ ಬೆಂಕಿ ಉಳಿಯಲಿ ಎಂದು ಅಜ್ಜಿಯರು ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಾರಲ್ಲ, ಹಾಗೆ.

"ಇಷ್ಟೆಲ್ಲಾ ಯಾರಿಗವ್ವಾ?" ಗಾಳಿ ಕೇಳಿತು.

"ಇನ್ನೂ ಹುಟ್ಟದ ಮಕ್ಕಳಿಗೆ" ಎಂದಳು ಭೂಮಿ.

ಮಣ್ಣಿನಡಿ ಮಲಗಿದ ಮರಗಳೇ ಕಲ್ಲಿದ್ದಲಾದವು. ಆಗ ಕಲ್ಲಿದ್ದಲು ಎಲೆಯಂತೆ ಹಸಿರಾಗಿತ್ತು. ಮುಟ್ಟಿದರೆ ಕೈಗೆ ಏನೂ ಅಂಟುತ್ತಿರಲಿಲ್ಲ.

ಒಂದು ಚಳಿಗಾಲ ಸಿದ್ದವ್ವ ಎಂಬ ಬಾಣಂತಿ ಓಡಿಬಂದಳು. "ಯವ್ವಾ, ಕೂಸು ನಡುಗಾಕತ್ತೈತಿ. ಒಂಚೂರು ಬೆಂಕಿ ಕೊಡವ್ವಾ."

ಭೂಮಿ ಒಂದು ತುಂಡು ಕಲ್ಲಿದ್ದಲು ಕೊಟ್ಟಳು. ಕೂಸು ಬೆಚ್ಚಗೆ ಮಲಗಿತು. ಸಿದ್ದವ್ವ ಆ ಕೆಂಡಕ್ಕೆ ದಿನಾ ಬೂದಿ ಮುಚ್ಚಿ ಕಾಪಾಡಿದಳು.

ಊರವರು ನೋಡಿದರು. ನೋಡಿದ ಮೇಲೆ ಬಿಡುತ್ತಾರೆಯೇ? "ದಿನಾ ಬೂದಿ ಮುಚ್ಚೋರ್ಯಾರು? ಆರಿದ್ರ ಮತ್ತ ಅಗದ್ರಾತು!" ಎಂದರು. ಅಗೆದರು, ಉರಿಸಿದರು, ಮತ್ತೆ ಅಗೆದರು, ಮತ್ತೆ ಉರಿಸಿದರು. ಕೊನೆಗೆ ಸಿದ್ದವ್ವನೂ ಬೂದಿ ಮುಚ್ಚುವುದನ್ನು ಬಿಟ್ಟಳು. ಹೊಗೆ ಆಕಾಶಕ್ಕೆ ಕಂಬಳಿ ಹೊದಿಸಿತು. ಚಳಿಗೆ ನಡುಗಿದ್ದ ಅದೇ ಕೂಸು ಈಗ ಸೆಕೆಗೆ ಅಳತೊಡಗಿತು.

ಭೂಮಿ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಎಲ್ಲೆಲ್ಲೂ ಗುಂಡಿ. "ಮಕ್ಕಳ ಪಾಲು ಯಾರು ತಗೊಂಡ್ರಿ?"

"ನಾನಲ್ಲ", "ನಾನೂ ಅಲ್ಲ" ಎಂದರು ಎಲ್ಲರೂ. ನೀನು ಬೆಲ್ಲ ಕದ್ದು ತಿಂದು ಬಾಯಿ ಒರೆಸಿಕೊಳ್ಳುತ್ತೀಯಲ್ಲ, ಥೇಟ್ ಹಾಗೇ!

ಭೂಮಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. "ಬಾಯಿ ಹೇಳದಿದ್ರ ಕೈ ಹೇಳಲಿ" ಎಂದು ಉಳಿದ ಕಲ್ಲಿದ್ದಲಿಗೆಲ್ಲ ಒಲೆಯ ಮಸಿ ಬಳಿದಳು.

ಮರುದಿನ ಅಗೆದವರ ಕೈಯೆಲ್ಲ ಕಪ್ಪು. ಎಲ್ಲರೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಸಿದ್ದವ್ವ ಮಾತ್ರ ಮುಂದೆ ಚಾಚಿದಳು. "ಮೊದಲಿನ ತುಂಡು ಕೇಳಿ ತಗೊಂಡೆ. ಆಮೇಲೆ ಕೇಳಲೇ ಇಲ್ಲ. ಯವ್ವಾ, ನನ್ನ ಮಗಳಿಗೆ ಏನು ಉಳೀತು?"

ಭೂಮಿ ತಲೆಯೆತ್ತಿ ಆಕಾಶ ನೋಡಿದಳು. ಮೇಲಿನಿಂದ ಸೂರ್ಯ ಮಾತಾಡಿದ. "ನಾ ದಿನಾ ಬರ್ತೀನಲ್ಲ. ನನ್ನ ಹಿಡಿಯೋದು ಕಲೀರಿ."

"ನಾನೂ ಬರ್ತೀನಿ. ಆದ್ರ ಕಾಯೋದಿಲ್ಲ, ಬಂದಾಗ ಹಿಡೀಬೇಕು" ಎಂದಿತು ಗಾಳಿ.

ಹಿಡಿಯುವುದು ಸುಲಭವಲ್ಲ, ಮಗಾ. ಜನ ಇನ್ನೂ ಕಲಿಯುತ್ತಲೇ ಇದ್ದಾರೆ. ಅವತ್ತು ಸಿದ್ದವ್ವ ಮಗಳ ಪುಟ್ಟ ಅಂಗೈಯನ್ನು ಬಿಸಿಲಿಗೆ ಹಿಡಿದಳು. ಅಂಗೈ ಬೆಚ್ಚಗಾಯಿತು.

ಅದಕ್ಕೇ ಇವತ್ತಿಗೂ ಗೂಡ್ಸ್ ರೈಲಿನಿಂದ ಬಿದ್ದ ಕಲ್ಲಿದ್ದಲನ್ನು ಎತ್ತಿಕೊಂಡರೆ ನಿನ್ನ ಬೆರಳಿಗೆ ಮಸಿ ಮೆತ್ತುತ್ತದೆ. ಬಿಸಿಲನ್ನು ಬೊಗಸೆ ತುಂಬ ಹಿಡಿದರೂ ಕೈಗೆ ಒಂದು ಕಲೆಯೂ ಆಗುವುದಿಲ್ಲ.